ಗೃಹಾರೋಗ್ಯ: ನೀರುಗುಳ್ಳೆಯ ವ್ಯಾಧಿ

ನಮ್ಮ ನೆರೆಮನೆಯ ಸೊಸೆಗೆ ಬಾಯಿಯಲ್ಲಿ ಹುಣ್ಣಾಯಿತು. ಉಷ್ಣವೆಂದು ಎಳನೀರು, ಮಜ್ಜಿಗೆ, ಬೆಣ್ಣೆ ಎಲ್ಲವೂ ನಡೆದುವು. ನಾಲ್ಕು ತಿಂಗಳಾದರೂ ಮಾಯಲಿಲ್ಲ. ಸಾರನ್ನವನ್ನು ನುಂಗುವುದೂ ದುಸ್ತರವಾಯಿತು. ಅನಂತರ ಬೆನ್ನಿನಲ್ಲಿ ನೀರುಗುಳ್ಳೆಗಳೆದ್ದು, ಬಟ್ಟೆ ತಾಕಿದಷ್ಟಕ್ಕೇ ಒಡೆದು, ಚರ್ಮವು ಸುಲಿದು ಹೋಯಿತು. ಸರ್ಪಸುತ್ತೆಂದರು ಕೆಲವರು, ನಾಗದೋಷವೆಂದರು ಕೆಲವರು. ಅಂಟೀತೆಂದು ಆಕೆಯ ತಟ್ಟೆಲೋಟಗಳನ್ನು ಬೇರೆಯಿಟ್ಟರು. ವೈದ್ಯರು ಚರ್ಮದ ಚೂರೊಂದನ್ನು ಪರೀಕ್ಷಿಸಿ, ಪೆಂಫಿಗಸ್ ಎಂಬ ವಿರಳ ವ್ಯಾಧಿಯೆಂದು ನಿರ್ಣಯಿಸಿದರು.

ಇದು ಅಂಟುರೋಗವಲ್ಲ. ಚರ್ಮದ ಕೋಶಗಳನ್ನು ಪರಸ್ಪರ ಬಂಧಿಸುವ ಡೆಸ್ಮೋಗ್ಲೀನ್ ಎಂಬ ಪ್ರೋಟೀನು ಇಟ್ಟಿಗೆಗಳ ನಡುವಿನ ಗಾರೆಯಂತಿರುವುದು. ರೋಗಾಣುಗಳನ್ನು ತಡೆಯಬೇಕಾದ ದೇಹದ ಪ್ರತಿಕಾಯಗಳು ಈ ಗಾರೆಯನ್ನೇ ಶತ್ರುವೆಂದು ಭ್ರಮಿಸುವುವು. ಬೇಲಿಯೇ ಎದ್ದು ಹೊಲವನ್ನು ಮೇಯುವುದು. ಬಾಯ್ಟ್ನರ್, ಜಾರ್ಡನ್ ಎಂಬ ಅಮೆರಿಕದ ವಿದ್ವಾಂಸರು 1964ರಲ್ಲಿ ಈ ಪ್ರತಿಕಾಯಗಳನ್ನು ಕಂಡುಹಿಡಿದರು.

ಪ್ರಾಣಾಪಾಯವು ಗುಳ್ಳೆಯಿಂದಲ್ಲ, ಅದು ತೆರೆದ ಬಾಗಿಲಿನಿಂದ. ಸುಲಿದ ಮೈಯಿಂದ ನೀರೂ ಸತ್ತ್ವವೂ ಸೋರಿಹೋಗುವುವು. ರೋಗಾಣುಗಳು ಒಳಹೊಕ್ಕು ರಕ್ತವನ್ನು ಸೇರುವುವು. 1950ರ ದಶಕದಲ್ಲಿ ಸ್ಟೀರಾಯ್ಡ್ ಔಷಧಗಳು ಬಳಕೆಗೆ ಬರುವವರೆಗೂ ಈ ರೋಗಿಗಳಲ್ಲಿ ಬಹುಮಂದಿ ಉಳಿಯುತ್ತಿರಲಿಲ್ಲ. ಹಸಿಮೈಗೆ ಹಾಸಿಗೆಯ ಬಟ್ಟೆಯು ಅಂಟಿಕೊಳ್ಳುವುದರಿಂದ ನಮ್ಮ ದೇಶದ ಕೆಲವು ಆಸ್ಪತ್ರೆಗಳಲ್ಲಿ ಶುದ್ಧಮಾಡಿದ ಬಾಳೆಯೆಲೆಯನ್ನು ಹಾಸುವರು. ಊಟದ ಎಲೆಗೆ ಇಂತಹ ಉಪಯೋಗವೂ ಉಂಟೆಂದು ನಾನು ತಿಳಿದಿರಲಿಲ್ಲ!

ಸ್ಟೀರಾಯ್ಡ್ ಉಳಿಸಿತು, ಆದರೆ ಅದಕ್ಕೂ ತೆರಿಗೆಯುಂಟು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಟೊಳ್ಳಾಗುವುದು ಇವು ಹಿಂಬಾಲಿಸಬಹುದು. "ಮೇಷ್ಟರೇ, ಮುಖ ಊದಿ ನನ್ನ ಗುರುತು ನನಗೇ ಇಲ್ಲ" ಎಂದು ಆಕೆ ಅತ್ತಳು. ಹುಣ್ಣು ಮಾಯಿತಲ್ಲಾ ಎಂದು, ಯಾರಿಗೂ ಹೇಳದೆ ಮಾತ್ರೆಯನ್ನು ಒಮ್ಮೆಲೇ ಬಿಟ್ಟಳು. ಕೆಲವೇ ದಿನಗಳಲ್ಲಿ ವಾಂತಿಯಾಗಿ ಅಡಿಗೆಮನೆಯಲ್ಲಿಯೇ ಕುಸಿದುಬಿದ್ದಳು. ಬಹುಕಾಲ ಮಾತ್ರೆ ತಿಂದವರಲ್ಲಿ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯು ತನ್ನ ಕೆಲಸವನ್ನು ಮರೆತು ಮಲಗಿರುವುದು. ಅದು ಎಚ್ಚರಗೊಳ್ಳುವಂತೆ ಮಾತ್ರೆಯನ್ನು ವೈದ್ಯರೇ ಮೆಲ್ಲಮೆಲ್ಲನೆ ಇಳಿಸಬೇಕು. ಆಸ್ಪತ್ರೆಗೆ ಬೇಗನೆ ಒಯ್ದುದರಿಂದ ಆಕೆ ಬದುಕಿದಳು.

ಈಗ ರಿಟುಕ್ಸಿಮಾಬ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಡುವರು. ಅಮೆರಿಕದಲ್ಲಿ 2018ರಲ್ಲಿ ಈ ರೋಗಕ್ಕೆ ಅದು ಅಂಗೀಕೃತವಾಯಿತು. ಇದರಿಂದ ಸ್ಟೀರಾಯ್ಡಿನ ಹೊರೆ ತಗ್ಗುವುದು. ಸೋಂಕಿನ ಭಯ ಮಾತ್ರ ತಪ್ಪದು. ಮನೆಯವರು ನೋಡಬೇಕಾದುದು ಇಷ್ಟು: ಇಂತಹ ರೋಗಿಗೆ ಚಳಿಜ್ವರ ಬಂದರೆ ಕಷಾಯ ಕೊಟ್ಟು ಬೆಳಗಿನವರೆಗೆ ಕಾಯಬಾರದು. ಸ್ಟೀರಾಯ್ಡ್ ತಿನ್ನುವವರಲ್ಲಿ ಸೋಂಕಿದ್ದರೂ ಜ್ವರವು ಕಾಣದಿರುವುದುಂಟು. ಮಂಕುತನ, ಏದುಸಿರು, ಹುಣ್ಣಿನ ದುರ್ವಾಸನೆ ಇವುಗಳಲ್ಲೊಂದು ಕಂಡರೂ ಆ ರಾತ್ರಿಯೇ ಹೊರಡಬೇಕು.