ಕಾಯುವವರ ಕೈಯಲ್ಲಿರುವ ಹಗ್ಗ

ಆಗಮನ ಕಾಲವು ಮತ್ತೆ ಬಂದಿದೆ. ದೇವಾಲಯದ ಪೂಜಾವಸ್ತ್ರಗಳು ನೇರಳೆ ಬಣ್ಣ ತಳೆದಿವೆ. ಹಸುರೆಲೆಗಳ ವೃತ್ತದಲ್ಲಿ ನಿಲ್ಲಿಸಿದ ನಾಲ್ಕು ಮೇಣದ ಬತ್ತಿಗಳಲ್ಲಿ ಒಂದು ಮಾತ್ರ ಉರಿಯುತ್ತಿದೆ. ಉಳಿದ ಮೂರು ತಮ್ಮ ಸರದಿಗಾಗಿ ಕಾದಿವೆ. ಧರ್ಮಸಭೆಯು ತನ್ನ ವರ್ಷವನ್ನು ಸಂಭ್ರಮದಿಂದಲ್ಲ, ಕಾಯುವಿಕೆಯಿಂದ ಆರಂಭಿಸುತ್ತದೆ ಎಂಬುದು ಚಿಂತನೆಗೆ ಯೋಗ್ಯವಾದ ಸಂಗತಿ. ಆದರೆ ನಮ್ಮ ಮನೆಗಳಲ್ಲಿ ಈ ಕಾಯುವಿಕೆಗೆ ಎಡೆಯುಂಟೇ? ನಕ್ಷತ್ರದ ಗೂಡುದೀಪ ಆಗಲೇ ಜಗಲಿಗೇರಿದೆ. ಕುಸ್ವಾರಿನ ಪಟ್ಟಿ ಸಿದ್ಧವಾಗಿದೆ. ಹಬ್ಬ ಬರುವ ಮೊದಲೇ ನಾವು ಹಬ್ಬವನ್ನು ಮುಗಿಸುವ ಆತುರದಲ್ಲಿದ್ದೇವೆ.

ಈ ಮಾತನ್ನು ಇತರರ ಮೇಲಿನ ದೂರೆಂದು ಬರೆಯುತ್ತಿಲ್ಲ. ಆತುರದ ತಪ್ಪು ನಮ್ಮಿಂದಲೂ ಆಗಿದೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಒಬ್ಬ ತಾಯಿ ಗುರುನಿವಾಸದ ಬಾಗಿಲಿಗೆ ಬಂದರು. ಅವರ ಮಗ ಮದ್ಯದ ಚಟಕ್ಕೆ ಸಿಲುಕಿ ಒಂಬತ್ತು ವರ್ಷಗಳಾಗಿದ್ದವು. ಅಷ್ಟೂ ವರ್ಷ ಅವರು ತಪ್ಪದೆ ನೊವೇನಾ ಮಾಡಿದ್ದರು, ಹರಕೆ ಹೊತ್ತಿದ್ದರು, ಯಾತ್ರೆಗೆ ಹೋಗಿದ್ದರು. “ಫಾದರ್, ಕಾದು ಕಾದು ಸಾಕಾಯಿತು. ದೇವರಿಗೆ ಕೇಳಿಸುತ್ತದೋ ಇಲ್ಲವೋ, ನೀವಾದರೂ ಹೇಳಿ” ಎಂದರು. ಮುಂದಿನ ಸಭೆಗೆ ಹೊತ್ತಾಗಿತ್ತು. “ತಾಳಿದವನು ಬಾಳಿಯಾನು ಅಮ್ಮಾ, ದೇವರ ಸಮಯಕ್ಕೆ ಕಾಯಿರಿ” ಎಂದು ಹೇಳಿ ನಾವು ಎದ್ದೆವು. ಅವರು ಕೈಮುಗಿದು ಹೊರಟುಹೋದರು. ಹೇಳಿದ ಮಾತು ಸುಳ್ಳಾಗಿರಲಿಲ್ಲ. ಆದರೆ ಅದು ಬಹಳ ಅಗ್ಗದ ಮಾತಾಗಿತ್ತು. ಕಾಯಿರೆಂದು ಹೇಳಿದೆವು, ಕಾಯುವುದು ಹೇಗೆಂದು ಹೇಳಲಿಲ್ಲ. ಅಂದು ಹೇಳಬೇಕಾಗಿದ್ದುದನ್ನು ಇಂದು ಈ ಅಂಕಣದಲ್ಲಿ ಹೇಳಲು ಯತ್ನಿಸುತ್ತೇವೆ.

ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಬಾಬಿಲೋನಿನ ಸೈನ್ಯವು ಜೆರುಸಲೇಮನ್ನು ನೆಲಸಮ ಮಾಡಿ, ಅಲ್ಲಿನ ಜನರನ್ನು ಸೆರೆಯೊಯ್ದಿತು. ಸುಮಾರು ಅರ್ಧ ಶತಮಾನ ಅವರು ಪರದೇಶದಲ್ಲಿ ಉಳಿದರು. ಕಣ್ಣಾರೆ ದೇವಾಲಯ ಕಂಡವರು ಮುದುಕರಾದರು. ಅದನ್ನು ಕಾಣದವರು ತಂದೆತಾಯಿಗಳಾದರು. ತಮ್ಮ ದಾರಿ ದೇವರಿಗೆ ಮರೆಯಾಗಿದೆ, ತಮ್ಮ ವ್ಯಾಜ್ಯವನ್ನು ಅವರು ಕೈಬಿಟ್ಟಿದ್ದಾರೆ ಎಂಬ ಕೊರಗು ಅವರನ್ನು ಆವರಿಸಿತ್ತು. ಆ ತಾಯಿಯ ಕೊರಗೂ ಇದೇ ಅಲ್ಲವೇ? ಪ್ರವಾದಿ ಯೆಶಾಯನ ಗ್ರಂಥದ 40ನೆಯ ಅಧ್ಯಾಯವು ಈ ಜನರಿಗೆ ಹೇಳಿದ ಸಾಂತ್ವನ. ಸರ್ವೇಶ್ವರನನ್ನು ಎದುರುನೋಡುವವರು ಹೊಸ ಬಲ ಹೊಂದುವರು, ಹದ್ದುಗಳಂತೆ ರೆಕ್ಕೆ ಬಿಚ್ಚಿ ಏರುವರು, ಓಡಿದರೂ ದಣಿಯರು, ನಡೆದರೂ ಬಳಲರು ಎಂಬುದು ಅದರ ತಾತ್ಪರ್ಯ. ಇಲ್ಲಿನ ಕ್ರಮವನ್ನು ಗಮನಿಸಬೇಕು. ಮೊದಲು ಹಾರುವುದು, ಅನಂತರ ಓಡುವುದು, ಕೊನೆಗೆ ನಡೆಯುವುದು. ನಮ್ಮ ಲೆಕ್ಕಕ್ಕೆ ಇದು ಇಳಿಮುಖ. ಆದರೆ ದಿನವೂ ಅದೇ ಮನೆ, ಅದೇ ಚಿಂತೆ, ಅದೇ ಹಾದಿಯಲ್ಲಿ ಬಳಲದೆ ನಡೆಯುವುದೇ ಎಲ್ಲಕ್ಕಿಂತ ದೊಡ್ಡ ಬಲವೆಂಬುದು ಬಾಳಿ ನೋಡಿದವರಿಗೆ ಗೊತ್ತು.

ಹೀಬ್ರೂ ಭಾಷೆಯಲ್ಲಿ ಭರವಸೆಗೆ ‘ತಿಕ್ವಾ’ ಎಂಬ ಪದವಿದೆ. ಇದೇ ಪದಕ್ಕೆ ಹುರಿ ಅಥವಾ ಹಗ್ಗ ಎಂಬ ಅರ್ಥವೂ ಉಂಟು. ಯೆಹೋಶುವನ ಗ್ರಂಥದಲ್ಲಿ ರಾಹಾಬಳು ತನ್ನ ಮನೆಯವರ ಜೀವ ಉಳಿಸಿಕೊಳ್ಳಲು ಕಿಟಕಿಗೆ ಕಟ್ಟಿದ ಕೆಂಪು ದಾರವನ್ನು ಹೇಳುವಾಗ ಬಳಸಿರುವುದು ಈ ಪದವನ್ನೇ. ಹಗ್ಗವೆಂದರೇನೆಂದು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ತೆಂಗಿನ ಸಿಪ್ಪೆಯನ್ನು ಹಿನ್ನೀರಿನ ಕೆಸರಿನಲ್ಲಿ ತಿಂಗಳುಗಟ್ಟಲೆ ಹೂತಿಡುತ್ತಾರೆ. ಮೇಲೆ ನಿಂತು ನೋಡುವವನಿಗೆ ಅಲ್ಲಿ ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ. ಕೊಳೆತ ವಾಸನೆಯಷ್ಟೇ ಬರುತ್ತದೆ. ಆದರೆ ಆ ಕಾಲ ಕಳೆಯದೆ ನಾರು ಬಿಡಿಸಿಕೊಳ್ಳುವುದಿಲ್ಲ. ಆಮೇಲೆ ಬಡಿಯಬೇಕು, ಒಣಗಿಸಬೇಕು, ಹೊಸೆಯಬೇಕು. ಒಂದೊಂದು ಎಳೆಯನ್ನು ಎರಡು ಬೆರಳಲ್ಲಿ ಕಿತ್ತುಹಾಕಬಹುದು. ಹೊಸೆದ ಹುರಿ ದೋಣಿಯನ್ನು ಹಿಡಿದು ನಿಲ್ಲಿಸುತ್ತದೆ. ದೇವರನ್ನು ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ನಮ್ಮ ದಿನಗಳ ದುರ್ಬಲವಾದ ಎಳೆಗಳನ್ನು ಅವರೊಡನೆ ಹೊಸೆಯುತ್ತಾ ಹೋಗುವುದು.

ಈ ಮಾತು ಕೇವಲ ರೂಪಕವಲ್ಲವೆಂಬುದಕ್ಕೆ ನಮ್ಮ ಕಾಲದಲ್ಲೇ ಒಂದು ಸಾಕ್ಷ್ಯವಿದೆ. ವಿಯೆಟ್ನಾಂ ದೇಶದ ಧರ್ಮಾಧ್ಯಕ್ಷ ಫ್ರಾನ್ಸಿಸ್ ಝೇವಿಯರ್ ನ್ಗುಯೆನ್ ವಾನ್ ತುವಾನ್ ಅವರು 1975ರ ಏಪ್ರಿಲ್ ತಿಂಗಳಲ್ಲಿ ಸೈಗಾನಿನ ಉತ್ತರಾಧಿಕಾರಿ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಕೆಲವೇ ದಿನಗಳಲ್ಲಿ ಆ ನಗರವು ಕಮ್ಯುನಿಸ್ಟ್ ಪಡೆಗಳ ವಶವಾಯಿತು. ಅದೇ ವರ್ಷ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನ, ಅವರನ್ನು ಬಂಧಿಸಲಾಯಿತು. ಆಗ ಅವರಿಗೆ 47 ವರ್ಷ. ವಿಚಾರಣೆಯಿಲ್ಲ, ಶಿಕ್ಷೆಯ ಅವಧಿಯಿಲ್ಲ. ಇಷ್ಟು ವರ್ಷವೆಂದು ಗೊತ್ತಿದ್ದರೆ ಗೋಡೆಯ ಮೇಲೆ ಗೆರೆ ಎಳೆದು ಎಣಿಸಬಹುದು. ಅವರಿಗೆ ಆ ಆಧಾರವೂ ಇರಲಿಲ್ಲ. 13 ವರ್ಷ ಅವರು ಸೆರೆಯಲ್ಲಿದ್ದರು. ಅದರಲ್ಲಿ 9 ವರ್ಷ ಏಕಾಂತ ಬಂಧನ.

ಮೊದಲ ದಿನಗಳಲ್ಲಿ ಅವರು ಬಿಡುಗಡೆಯ ದಿನವನ್ನೇ ನೆನೆದು ನೊಂದರು. ಸೆರೆಯಲ್ಲಿ ಕಾಯುತ್ತಾ ಸತ್ತವರೆಷ್ಟೋ ಮಂದಿ ಎಂಬ ಯೋಚನೆ ಬಂದಾಗ ಅವರು ಒಂದು ನಿಶ್ಚಯಕ್ಕೆ ಬಂದರು. ಬಿಡುಗಡೆಗಾಗಿ ಕಾಯುವುದಿಲ್ಲ, ಈ ಕ್ಷಣವನ್ನೇ ಪ್ರೀತಿಯಿಂದ ತುಂಬುತ್ತೇನೆ ಎಂಬುದೇ ಆ ನಿಶ್ಚಯ. 1975ರ ಅಕ್ಟೋಬರ್‌ನಲ್ಲಿ ಒಬ್ಬ ಬಾಲಕನ ಮೂಲಕ ಹಳೆಯ ಕ್ಯಾಲೆಂಡರುಗಳನ್ನು ತರಿಸಿಕೊಂಡು, ಅವುಗಳ ಬೆನ್ನಿಗೆ ತಮ್ಮ ಜನರಿಗಾಗಿ ರಾತ್ರಿಯ ಹೊತ್ತು ಬರೆಯತೊಡಗಿದರು. ಅವು 1001 ಚಿಂತನೆಗಳಾಗಿ, ಕೈಯಿಂದ ಕೈಗೆ ನಕಲಾಗಿ, ‘ಭರವಸೆಯ ಹಾದಿ’ ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾದವು. ಹೊರಗಿನವರು ಹೊಟ್ಟೆನೋವಿನ ಔಷಧವೆಂದು ಕಳುಹಿಸಿದ ಪುಟ್ಟ ಸೀಸೆಯ ದ್ರಾಕ್ಷಾರಸದಲ್ಲಿ ಮೂರು ಹನಿ, ಅದಕ್ಕೆ ನೀರು ಒಂದು ಹನಿ. ಅಂಗೈಯನ್ನೇ ಪಾತ್ರೆ ಮಾಡಿಕೊಂಡು ಅವರು ಬಲಿಪೂಜೆ ಅರ್ಪಿಸಿದರು.

ಒಂದು ಶಿಬಿರದಲ್ಲಿ ಅವರು ಸಣ್ಣದೊಂದು ಮರದ ಶಿಲುಬೆ ಮಾಡಿಕೊಂಡು ಸೋಪಿನ ಬಿಲ್ಲೆಯೊಳಗೆ ಅಡಗಿಸಿದರು. ಇನ್ನೊಂದು ಸೆರೆಯಲ್ಲಿ ಕಾವಲುಗಾರನ ಬಳಿ ವಿದ್ಯುತ್ ತಂತಿಯ ತುಂಡು ಕೇಳಿದರು. ಆತ್ಮಹತ್ಯೆಗೆಂದು ಭಾವಿಸಿ ಆತ ಹೆದರಿದ. ಶಿಲುಬೆಗೆ ಸರಪಳಿ ಬೇಕೆಂದು ತಿಳಿದಾಗ, ಕೊನೆಗೆ ಅವನೇ ತಂತಿ ತಂದು, ತಾನೂ ಜೊತೆಗೆ ಕುಳಿತು ತಿರುಚಿ ಕೊಂಡಿಗಳನ್ನು ಮಾಡಿದ. ಸೆರೆಹಿಡಿದವನೂ ಸೆರೆಯಾದವನೂ ಸೇರಿ ಹೊಸೆದ ಆ ಸರಪಳಿಯನ್ನೂ ಆ ಶಿಲುಬೆಯನ್ನೂ ಅವರು ಮುಂದೆ ಕೊನೆಯವರೆಗೂ ಎದೆಯ ಮೇಲೆ ಧರಿಸಿದರು. 1988ರ ನವೆಂಬರ್ 21ರಂದು ಅವರ ಬಿಡುಗಡೆಯಾಯಿತು. 2000ದ ತಪಸ್ಸಿನ ಕಾಲದಲ್ಲಿ ಅವರು ಪೋಪ್ ಎರಡನೆಯ ಜಾನ್ ಪಾಲ್ ಅವರಿಗೇ ಧ್ಯಾನಕೂಟ ನಡೆಸಿಕೊಟ್ಟರು, 2001ರಲ್ಲಿ ಕಾರ್ಡಿನಲರಾದರು, 2002ರಲ್ಲಿ ರೋಮಿನಲ್ಲಿ ಪ್ರಭುವಿನಲ್ಲಿ ವಿಶ್ರಮಿಸಿದರು. 2017ರಲ್ಲಿ ಧರ್ಮಸಭೆಯು ಅವರನ್ನು ‘ಪೂಜ್ಯರು’ ಎಂದು ಸಾರಿತು.

ಅವರ ಅಂತರಂಗದಲ್ಲಿ ನಡೆದ ಪರಿವರ್ತನೆ ಇನ್ನೂ ಮಹತ್ತ್ವದ್ದು. ಏಕಾಂತದಲ್ಲಿ ಅವರನ್ನು ಕಾಡಿದ್ದು ಹಸಿವಲ್ಲ, ನಿಂತುಹೋದ ಕೆಲಸ. ಧರ್ಮಪ್ರಾಂತ್ಯ, ಗುರುಮಠದ ವಿದ್ಯಾರ್ಥಿಗಳು, ಯುವಜನರು, ಅರ್ಧಕ್ಕೆ ನಿಂತ ಯೋಜನೆಗಳು. ಇವೆಲ್ಲ ದೇವರ ಕಾರ್ಯಗಳೇ ಅಲ್ಲವೇ, ದೇವರೇಕೆ ಇವನ್ನು ಕೆಡವಿದರು ಎಂಬ ಸಂಕಟ. ಆಗ ಅವರಿಗೆ ಹೊಳೆದ ವಿವೇಕವಿದು: ದೇವರು ಬೇರೆ, ದೇವರ ಕಾರ್ಯಗಳು ಬೇರೆ. ತಾನು ಆರಿಸಿಕೊಂಡದ್ದು ದೇವರನ್ನು. ಕಾರ್ಯಗಳನ್ನು ಅವರು ಬೇರೆಯವರ ಕೈಗೊಪ್ಪಿಸಬಲ್ಲರು.

ಫ್ರಾನ್ಸಿನ ಕಥೋಲಿಕ ತತ್ತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ ಅವರು ಬಯಕೆಗೂ ಭರವಸೆಗೂ ಅಂತರವಿದೆಯೆಂದು ವಿವರಿಸಿದ್ದಾರೆ. ಬಯಕೆಯು ಒಂದು ವಸ್ತುವಿನ ಮೇಲೆ ಕಣ್ಣಿಟ್ಟಿರುತ್ತದೆ. ಇಂಥದ್ದು, ಇಂಥ ದಿನ, ಇಂಥ ರೀತಿಯಲ್ಲೇ ಆಗಬೇಕೆಂಬ ಷರತ್ತು ವಿಧಿಸುತ್ತದೆ. ಅದು ನೆರವೇರದಿದ್ದರೆ ಕುಸಿಯುತ್ತದೆ. ಭರವಸೆಯು ಒಬ್ಬರಲ್ಲಿ ನೆಲೆಗೊಳ್ಳುತ್ತದೆ. ನಾವು ಬಹುಪಾಲು ಕಾಯುವುದು ದೇವರಿಗಾಗಿಯೋ ದೇವರ ಕೈಯಲ್ಲಿರುವ ವಸ್ತುವಿಗಾಗಿಯೋ? ವಿದೇಶದ ವೀಸಾ, ಮಗಳಿಗೆ ಸಂಬಂಧ, ಮಡಿಲು ತುಂಬುವ ಮಗು, ಕಾಯಿಲೆಯಿಂದ ಬಿಡುಗಡೆ, ಇವನ್ನು ಬೇಡುವುದು ತಪ್ಪಲ್ಲ. ಬೇಡಿರೆಂದು ಪ್ರಭುವೇ ಕಲಿಸಿದ್ದಾರೆ. ಆದರೆ ಆ ಒಂದು ವಸ್ತುವಿನ ಮೇಲೆ ಮಾತ್ರ ದೃಷ್ಟಿ ನೆಟ್ಟರೆ, ದೊರೆತ ದಿನ ದೇವರು ಮರೆತುಹೋಗುತ್ತಾರೆ, ದೊರೆಯದಿದ್ದರೆ ದೇವರು ಬೇಡವಾಗುತ್ತಾರೆ. ತಕ್ಷಣದ ಪವಾಡದ ಆಶ್ವಾಸನೆ ಎಲ್ಲಿ ಸಿಗುವುದೋ ಅಲ್ಲಿಗೆ ನಮ್ಮ ಕುಟುಂಬಗಳು ಓಡುತ್ತಿರುವುದರ ಮೂಲ ಇಲ್ಲಿದೆ. ಅವರನ್ನು ಹಳಿಯುವ ಮುನ್ನ, ಅವರೊಡನೆ ಕುಳಿತು ಕಾಯಲು ನಮಗೆ ಸಮಯವಿತ್ತೇ ಎಂದು ಗುರುಗಳಾದ ನಾವು ಕೇಳಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ತಾಳ್ಮೆಯ ಹೆಸರಿನಲ್ಲಿ ಅನ್ಯಾಯವನ್ನು ಸಹಿಸಿಕೊಳ್ಳಿರೆಂದು ಹೇಳುವುದು ಕ್ರೈಸ್ತ ಬೋಧನೆಯಲ್ಲ. ಮನೆಯಲ್ಲಿ ಏಟು ತಿನ್ನುವ ಹೆಂಗಸಿಗೆ “ದೇವರು ನೋಡಿಕೊಳ್ಳುತ್ತಾರೆ” ಎನ್ನುವುದು ಸಾಂತ್ವನವಲ್ಲ, ಕೈತೊಳೆದುಕೊಳ್ಳುವುದು. ಕೂಲಿ ಸಿಗದ ಆಳಿಗೆ ತಾಳ್ಮೆಯ ಪಾಠ ಹೇಳುವವನು ಮೊದಲು ಕೂಲಿಯನ್ನು ಕೊಡಿಸಲಿ. ಕಾಯಿಲೆಯವನನ್ನು ವೈದ್ಯರ ಬಳಿಗೆ ಕರೆದೊಯ್ಯದೆ ಪ್ರಾರ್ಥನೆಯೊಂದರಲ್ಲೇ ಕೂರಿಸುವುದು ದೇವರನ್ನು ಪರೀಕ್ಷಿಸಿದಂತೆ. ಮದ್ಯವ್ಯಸನವೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆ ಇದೆ, ಆಪ್ತ ಸಲಹೆ ಇದೆ. ನಮ್ಮ ಕೈಯಲ್ಲಿರುವುದನ್ನು ಇಂದೇ ಮಾಡಬೇಕು; ನಮ್ಮ ಕೈ ಮೀರಿದ್ದನ್ನು ದೇವರ ಕೈಗೊಪ್ಪಿಸಿ ಕಾಯಬೇಕು. ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸುವ ವಿವೇಕವನ್ನು ಪವಿತ್ರಾತ್ಮರಲ್ಲಿ ಬೇಡಬೇಕು.

ಹಾಗಾದರೆ ಕುಟುಂಬಗಳು ಈ ನಾಲ್ಕು ವಾರಗಳಲ್ಲಿ ಏನು ಮಾಡಬಹುದು? ದೊಡ್ಡ ಸಂಕಲ್ಪಗಳು ಬೇಡ. ಸಂಜೆಯ ಜಪಸರ ಮುಗಿದ ಮೇಲೆ ಐದು ನಿಮಿಷ ಎಲ್ಲರೂ ಮೌನವಾಗಿ ಕುಳಿತಿರಿ. ಫೋನು ಬೇರೆ ಕೋಣೆಯಲ್ಲಿರಲಿ. ಬೇಡಿಕೆಗಳ ಪಟ್ಟಿಯನ್ನು ಒಪ್ಪಿಸಿದ ಮೇಲೆ, ಉತ್ತರಕ್ಕೆ ಕಿವಿಗೊಡುವುದೂ ಪ್ರಾರ್ಥನೆಯೇ. ಪಾಪನಿವೇದನೆಯನ್ನು ಹಬ್ಬದ ಹಿಂದಿನ ಸಂಜೆಗೆ ಮುಂದೂಡದೆ ಮೊದಲೇ ಬನ್ನಿರಿ. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಅವರ ಪಕ್ಕ ಕೂತು ಒಂದು ಹಳೆಯ ಕತೆ ಕೇಳಿರಿ. ದೂರದ ಊರಿನಲ್ಲಿರುವ ಮಕ್ಕಳು ಹಬ್ಬದ ದಿನಕ್ಕೆ ಕಾಯದೆ ಈ ವಾರವೇ ತಂದೆತಾಯಿಗೆ ಕರೆಮಾಡಲಿ. ಜೆರುಸಲೇಮಿನ ದೇವಾಲಯದಲ್ಲಿ ಶಿಶು ಯೇಸುವನ್ನು ಗುರುತಿಸಿದವರು ಪಂಡಿತರಲ್ಲ. ಕಾಯುವುದನ್ನೇ ಬಾಳಾಗಿಸಿಕೊಂಡಿದ್ದ ವೃದ್ಧ ಸಿಮೆಯೋನ ಮತ್ತು 84ರ ವಿಧವೆ ಅನ್ನ. ದೀರ್ಘಕಾಲ ಕಾದ ಕಣ್ಣುಗಳಿಗೆ ಮಾತ್ರ ಬಡವರ ಮಗುವಿನಲ್ಲಿ ಲೋಕೋದ್ಧಾರಕರು ಕಂಡರು.

ಇನ್ನೊಂದು ಸತ್ಯವಿದೆ. ಕಾಯುವವರು ನಾವು ಮಾತ್ರವಲ್ಲ. ಲೂಕನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ, ಮನೆಬಿಟ್ಟು ಹೋದ ಮಗ ಇನ್ನೂ ದೂರದಲ್ಲಿರುವಾಗಲೇ ತಂದೆಯು ಅವನನ್ನು ಕಾಣುತ್ತಾನೆ. ದಿನವೂ ದಾರಿ ನೋಡುತ್ತಿದ್ದವನಿಗಲ್ಲದೆ ಅಷ್ಟು ದೂರದಿಂದ ಯಾರಿಗೆ ಕಂಡೀತು? ನಾವು ಹಿಡಿದಿರುವ ಹಗ್ಗದ ಇನ್ನೊಂದು ತುದಿ ಅವರ ಕೈಯಲ್ಲಿದೆ. ನಮ್ಮ ಕೈ ಸೋತು ಸಡಿಲಿದ ದಿನವೂ ಅವರು ಬಿಟ್ಟಿರುವುದಿಲ್ಲ.

ಆ ತಾಯಿಯನ್ನು ಕೆಲವು ದಿನಗಳ ತರುವಾಯ ನಾವೇ ಅವರ ಮನೆಗೆ ಹೋಗಿ ಕಂಡೆವು. ಕ್ಷಮೆ ಕೇಳಿದೆವು. ಮಗನನ್ನು ಚಿಕಿತ್ಸೆಗೆ ಸೇರಿಸಲು ನಮ್ಮಿಂದಾದುದನ್ನು ಮಾಡಿದೆವು. ಅವನು ಗುಣವಾದನೆಂದು ಬರೆದು ಈ ಲೇಖನವನ್ನು ಸುಖವಾಗಿ ಮುಗಿಸಬಹುದಿತ್ತು. ಆದರೆ ಅದು ನಿಜವಲ್ಲ. ಅವನು ಎದ್ದಿದ್ದಾನೆ, ಬಿದ್ದಿದ್ದಾನೆ, ಮತ್ತೆ ಎದ್ದಿದ್ದಾನೆ. ಬದಲಾದವರು ಆ ತಾಯಿ. ಕಳೆದ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಮತ್ತೊಬ್ಬ ತಾಯಿ ಇದೇ ಸಂಕಟದಿಂದ ಅಳುತ್ತಿದ್ದಾಗ, ಇವರು ಹೋಗಿ ಪಕ್ಕದಲ್ಲಿ ಕುಳಿತರು. ಉಪದೇಶ ಮಾಡಲಿಲ್ಲ. ಕೈ ಹಿಡಿದು, “ಬಾ ಅಕ್ಕಾ, ಇಬ್ಬರೂ ಸೇರಿ ಕಾಯೋಣ” ಎಂದರಂತೆ. ಒಂದು ಎಳೆಗೆ ಇನ್ನೊಂದು ಎಳೆ ಸೇರಿತು.

ಎರಡನೆಯ ಮೇಣದ ಬತ್ತಿಯನ್ನು ಮುಂದಿನ ಭಾನುವಾರ ಬೆಳಗುವೆವು. ಅಷ್ಟರೊಳಗೆ ನಮ್ಮ ನೆರೆಯಲ್ಲಿ ಒಂಟಿಯಾಗಿ ಕಾಯುತ್ತಿರುವ ಒಬ್ಬರ ಪಕ್ಕದಲ್ಲಿ ನಾವೆಲ್ಲ ಹೋಗಿ ಕುಳಿತುಕೊಳ್ಳುವಂತಾಗಲಿ. ಕಾಯುವವರನ್ನು ಕಾಯುವ ಪ್ರಭು ನಿಮ್ಮೆಲ್ಲರ ಮನೆಗಳನ್ನು ಹರಸಲಿ.