ವಿದ್ಯುತ್ ಉಪಕೇಂದ್ರಗಳ ಜೋಪಾನ

ಪತ್ರಿಕೆಗಳ ಒಂದು ಮೂಲೆಯಲ್ಲಿ ಆಗಾಗ ಪ್ರಕಟವಾಗುವ ಸಣ್ಣ ಸೂಚನೆಯೊಂದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಉಪಕೇಂದ್ರದಲ್ಲಿ ತ್ರೈಮಾಸಿಕ ನಿರ್ವಹಣೆಯ ಕೆಲಸ ನಡೆಯುವುದರಿಂದ ಬೆಳಿಗ್ಗೆಯಿಂದ ಸಂಜೆಯವರೆಗೆ ಇಂತಿಂತಹ ಬೀದಿಗಳಿಗೆ ವಿದ್ಯುತ್ತು ಇರುವುದಿಲ್ಲವೆಂಬುದೇ ಅದರ ಸಾರಾಂಶ. ಇದನ್ನು ಓದಿದೊಡನೆ ಹುಬ್ಬು ಗಂಟಿಕ್ಕುವುದೂ, ಇಲಾಖೆಯವರನ್ನು ನಾಲ್ಕು ಮಾತು ಆಡುವುದೂ ಪುರಜನರಿಗೆ ರೂಢಿಯಾಗಿಬಿಟ್ಟಿದೆ. ವಶೀಲಿಯುಳ್ಳವರಾದರೆ ಮದುವೆಯ ನೆಪದಿಂದಲೋ ಸಭೆಯ ನೆಪದಿಂದಲೋ ಇಂಜಿನಿಯರರಿಗೆ ಹೇಳಿಸಿ ಆ ಕೆಲಸವನ್ನೇ ಮುಂದಕ್ಕೆ ಹಾಕಿಸುವುದೂ ಉಂಟು. ಈ ರೂಢಿಯು ಊರಿಗೆ ಹಿತಕರವಲ್ಲವೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ವಿದ್ಯುಚ್ಛಕ್ತಿಯ ವಿಷಯದಲ್ಲಿ ನಮ್ಮ ನಾಡು ಹಿಂದುಳಿದುದಲ್ಲ. 1902ರಲ್ಲಿಯೇ ಶಿವನಸಮುದ್ರದ ಕಾವೇರಿಯ ಶಕ್ತಿಯು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪಗಳಿಂದ ಬೆಳಗಿದವು. ಜಲಪಾತವನ್ನೂ ಯಂತ್ರಾಗಾರವನ್ನೂ ನೋಡಿ ಹೆಮ್ಮೆಪಟ್ಟವರು ಅನೇಕರು; ಊರ ಹೊರಗೆ ತಂತಿಬೇಲಿಯ ಒಳಗೆ ಗುಂಯ್‌ಗುಡುತ್ತ ನಿಂತಿರುವ ಉಪಕೇಂದ್ರವನ್ನು ನಿಂತು ನೋಡಿದವರು ವಿರಳ. ದೂರದಿಂದ 66 ಸಾವಿರ ವೋಲ್ಟುಗಳಲ್ಲಿ ಬಂದ ವಿದ್ಯುತ್ತನ್ನು 11 ಸಾವಿರಕ್ಕೆ ಇಳಿಸಿ ಬಡಾವಣೆಗಳಿಗೆ ಹಂಚುವ ತಾಣವಿದು. ಕೆರೆಗೆ ತೂಬು ಹೇಗೋ ಊರಿಗೆ ಇದು ಹಾಗೆ. ತೂಬು ಕೆಟ್ಟರೆ ಕೆರೆ ತುಂಬಿದ್ದೂ ಗದ್ದೆ ಒಣಗುತ್ತದೆ.

ಈ ಯಂತ್ರಗಳು ಒಂದೇ ದಿನದಲ್ಲಿ ಕೆಡತಕ್ಕವುಗಳಲ್ಲ. ಕೆಡುವುದಕ್ಕೆ ಮುಂಚೆ ಸೂಚನೆ ಕೊಡುತ್ತವೆ. ಟ್ರಾನ್ಸ್‌ಫಾರ್ಮರಿನ ಸುರುಳಿಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ತಾಪವನ್ನು ಹೊರಗೆ ಸಾಗಿಸುವುದೂ, ಕಿಡಿ ಹಾರದಂತೆ ತಡೆಯುವುದೂ ಆ ಎಣ್ಣೆಯೇ. ಅದಕ್ಕೆ ತೇವ ಸೇರಿದರೆ ತಡೆಯುವ ಶಕ್ತಿ ಕುಂದುತ್ತದೆ. ಒಳಕ್ಕೆಳೆಯುವ ಗಾಳಿಯ ತೇವವನ್ನು ಹೀರಲು ಸಿಲಿಕಾ ಜೆಲ್ಲಿನ ಕಾಳುಗಳನ್ನು ಇಟ್ಟಿರುತ್ತಾರೆ. ನೀಲಿಯಾಗಿದ್ದ ಕಾಳು ಗುಲಾಬಿಗೆ ತಿರುಗಿತೆಂದರೆ ಬದಲಿಸಬೇಕೆಂದು ಅರ್ಥ. ಎಣ್ಣೆಯ ಮಾದರಿಯಲ್ಲಿ ಅಸಿಟಿಲೀನ್ ಅನಿಲ ಕಂಡುಬಂದರೆ ಒಳಗೆಲ್ಲಿಯೋ ಕಿಡಿ ಹಾರುತ್ತಿದೆಯೆಂದು ಶಂಕಿಸತಕ್ಕದ್ದು. ಇನ್ನು ಬ್ಯಾಟರಿಗಳ ಕೊಠಡಿ: ತಂತಿ ಹರಿದು ಬಿದ್ದ ಗಳಿಗೆಯಲ್ಲಿ ಬ್ರೇಕರ್ ತೆರೆದು ಪ್ರವಾಹವನ್ನು ಕಡಿಯಬೇಕಾದರೆ ಆ ಬ್ಯಾಟರಿಗಳಲ್ಲಿ ಜೀವವಿರಬೇಕು. ಅವು ಸತ್ತಿದ್ದರೆ ಎಷ್ಟು ಬೆಲೆಯ ಬ್ರೇಕರಿದ್ದರೂ ನಿಷ್ಪ್ರಯೋಜಕ. ಅಂಗಳದಲ್ಲಿ ಹರಡಿದ ಜಲ್ಲಿಯೂ ಅಲಂಕಾರಕ್ಕಾಗಿ ಅಲ್ಲ. ದೋಷವುಂಟಾದಾಗ ನೆಲದಿಂದ ಕಾಲಿಗೆ ಏರುವ ಆಘಾತವನ್ನು ಅದು ತಗ್ಗಿಸುತ್ತದೆ. ಮಣ್ಣು ಮುಚ್ಚಿ ಹುಲ್ಲು ಬೆಳೆದರೆ ಆ ರಕ್ಷಣೆಯೂ ಹೋಯಿತು.

ಸೂಚನೆಯನ್ನು ಅಲಕ್ಷಿಸಿದರೆ ಏನಾಗುವುದೆಂಬುದಕ್ಕೆ ದೃಷ್ಟಾಂತವು ಇಂಗ್ಲೆಂಡಿನಿಂದಲೇ ದೊರೆತಿದೆ. 2025ರ ಮಾರ್ಚಿ 20ರ ರಾತ್ರಿ ಲಂಡನ್ನಿನ ಪಶ್ಚಿಮಕ್ಕಿರುವ ನಾರ್ತ್ ಹೈಡ್ ಉಪಕೇಂದ್ರದಲ್ಲಿ ಟ್ರಾನ್ಸ್‌ಫಾರ್ಮರೊಂದು ಹೊತ್ತಿಕೊಂಡಿತು. ಸುಮಾರು 67 ಸಾವಿರ ಗ್ರಾಹಕರಿಗೆ ವಿದ್ಯುತ್ತು ನಿಂತಿತು. ಹೀಥ್ರೂ ವಿಮಾನ ನಿಲ್ದಾಣವು ಮರುದಿನದ ಬಹುಭಾಗ ಮುಚ್ಚಿ, 1,300ಕ್ಕೂ ಮಿಕ್ಕ ವಿಮಾನಗಳ ಸಂಚಾರವು ಅಸ್ತವ್ಯಸ್ತವಾಯಿತು. ಜುಲೈ ತಿಂಗಳಲ್ಲಿ ಹೊರಬಿದ್ದ ವಿಚಾರಣೆಯ ವರದಿಯ ಪ್ರಕಾರ, ಟ್ರಾನ್ಸ್‌ಫಾರ್ಮರಿನ ಬುಷಿಂಗಿಗೆ ತೇವ ಸೇರಿದ್ದುದೇ ಬಹುಮಟ್ಟಿಗೆ ಕಾರಣ. ಆ ತೇವವು 2018ರ ಜುಲೈಯಲ್ಲಿಯೇ ಎಣ್ಣೆಯ ಪರೀಕ್ಷೆಯಲ್ಲಿ ಕಂಡುಬಂದಿತ್ತು! ಕಂಡದ್ದನ್ನು ಬರೆದಿಟ್ಟರು, ಮಾಡಬೇಕಾದುದನ್ನು ಮಾಡಲಿಲ್ಲ. ಐಶ್ವರ್ಯದಲ್ಲಿಯೂ ವಿದ್ಯೆಯಲ್ಲಿಯೂ ಮುಂದುವರಿದ ದೇಶಕ್ಕೇ ಈ ಗತಿಯಾದರೆ, ಉಗುರಿನಿಂದ ತೀರುವ ಕೆಲಸಕ್ಕೆ ಕೊಡಲಿ ಹುಡುಕುವ ನಮ್ಮ ಪಾಡೇನು?

ಇದಕ್ಕಿಂತ ಗುರುತರವಾದುದು ಕೆಲಸಗಾರರ ಪ್ರಾಣ. ದೀಪವಿಲ್ಲದೆ ನಾವು ಒಂದು ಸಂಜೆ ಕಳೆಯಬಹುದು. ಕಂಬದಿಂದ ಬಿದ್ದ ಲೈನ್‌ಮನ್ನನ ಮನೆಯ ಕತ್ತಲೆ ತೀರುವುದಲ್ಲ. ಬರಹದಲ್ಲಿ ಲೈನ್ ಕ್ಲಿಯರ್ ಪಡೆಯುವುದು, ಪ್ರವಾಹವಿಲ್ಲವೆಂಬುದನ್ನು ಪರೀಕ್ಷಿಸುವುದು, ಕೆಲಸದ ಜಾಗದ ಎರಡು ಕಡೆಗಳಲ್ಲಿಯೂ ತಂತಿಯನ್ನು ಭೂಮಿಗೆ ಜೋಡಿಸುವುದು, ಪಡೆದವನೇ ಅದನ್ನು ಹಿಂದಿರುಗಿಸಿದ ಮೇಲೆ ಪ್ರವಾಹ ಬಿಡುವುದು—ಈ ನಿಯಮಗಳು ಹೊಸವಲ್ಲ. ಜನರು ಕೂಗುತ್ತಾರೆಂದು ಮೇಲಿನವರು ಅವಸರಪಡಿಸಿದಾಗಲೇ ಇವು ಮುರಿಯುವುದು. ಸರಿಯಾದ ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಮನೆಯ ಜನರೇಟರನ್ನು ನಡೆಯಿಸುವ ಮಹಾಶಯರು, ಆ ಪ್ರವಾಹವು ಹಿಮ್ಮುಖವಾಗಿ ಹರಿದು, ಸತ್ತ ತಂತಿಯೆಂದು ಹಿಡಿದವನನ್ನು ಕೊಲ್ಲಬಹುದೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ಹಗಲೆಲ್ಲ ವಿದ್ಯುತ್ತು ನಿಂತರೆ ಗಿರಣಿಗೂ ಅಂಗಡಿಗೂ ಆಸ್ಪತ್ರೆಗೂ ತೊಂದರೆಯಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಅದಕ್ಕೆ ಪರಿಹಾರವು ದುರಸ್ತಿಯನ್ನು ಬಿಡುವುದಲ್ಲ. ಒಂದು ಟ್ರಾನ್ಸ್‌ಫಾರ್ಮರನ್ನು ನಿಲ್ಲಿಸಿದರೆ ಇನ್ನೊಂದು ಹೊರೆ ಹೊರುವಂತೆ ಏರ್ಪಾಡು ಮಾಡುವುದು. ಹೊಸ ಉಪಕೇಂದ್ರದ ಉದ್ಘಾಟನೆಗೆ ಹಾರ ತುರಾಯಿಗಳಿವೆ, ಶಿಲಾಫಲಕವಿದೆ. ಎಣ್ಣೆಯ ಪರೀಕ್ಷೆಗೆ ಇವೊಂದೂ ಇಲ್ಲ. ಆದುದರಿಂದಲೇ ಆಯವ್ಯಯದಲ್ಲಿ ಅದಕ್ಕೆ ಪ್ರತ್ಯೇಕವಾಗಿ ಹಣವನ್ನು ಎತ್ತಿಡತಕ್ಕದ್ದು ಅವಶ್ಯ.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟು: ನಿರ್ವಹಣೆಯ ದಿನಗಳನ್ನು ವರ್ಷಾರಂಭದಲ್ಲಿಯೇ ಪ್ರಕಟಿಸಲಿ, ಯಾರ ಶಿಫಾರಸಿಗೂ ಬದಲಾಯಿಸದಿರಲಿ, ಸಂಜೆ ಐದಕ್ಕೆಂದು ಹೇಳಿದರೆ ಐದಕ್ಕೇ ಕೊಡಲಿ, ಪರೀಕ್ಷೆಯಲ್ಲಿ ಕಂಡ ದೋಷವನ್ನು ಯಾರು, ಎಂದು ಸರಿಪಡಿಸಿದರೆಂಬುದನ್ನು ಅದೇ ಪುಟದಲ್ಲಿ ಬರೆಯಿಸಲಿ, ಗುತ್ತಿಗೆಯ ಆಳಿಗೂ ಕೈಗವಸು, ಶಿಕ್ಷಣ ಎರಡನ್ನೂ ಕೊಡಲಿ. ಪುರಜನರಲ್ಲಿ ಒಂದೇ ಬಿನ್ನಹ: ಮುಂದಿನ ಸಲ ಆ ಸಣ್ಣ ಸೂಚನೆಯನ್ನು ಕಂಡಾಗ, ಇಲಾಖೆಯವರು ನಿದ್ರಿಸುತ್ತಿಲ್ಲವೆಂದು ಸಮಾಧಾನಪಡೋಣ. ಬಹಳ ಕಾಲ ಆ ಸೂಚನೆಯೇ ಬಾರದಿದ್ದರೆ, ಆಗ ಇಂಜಿನಿಯರರ ಕಚೇರಿಗೆ ಹೋಗಿ, ಏಕೆ ಬರಲಿಲ್ಲವೆಂದು ಕೇಳೋಣ.