ಬಸುರಿಯರ ಯೋಗ: ಹೆಚ್ಚುಕಮ್ಮಿಯಾದರೆ ಹೊಣೆ ಯಾರದು?

ಜೂನ್ 21 ಬಂತೆಂದರೆ ನಮ್ಮೂರುಗಳ ಶಾಲೆ ಮೈದಾನದಲ್ಲಿ ಚಾಪೆ ಹಾಸುತ್ತಾರೆ. ಬಸುರಿಯರೂ ಬಂದು ಕೂರುತ್ತಾರೆ. ಬರಲಿ, ಒಳ್ಳೆಯದೇ. ಆದರೆ ಎಲ್ಲರಿಗೂ ಹೇಳುವ ಕಪಾಲಭಾತಿ, ಭುಜಂಗಾಸನವನ್ನೇ ಆರು ತಿಂಗಳ ಬಸುರಿಗೂ ಮಾಡಿಸುವುದು ತಪ್ಪು. ಉಸಿರು ಬಿಗಿ ಹಿಡಿಯುವುದು, ಹೊಟ್ಟೆ ಮೇಲೆ ಮಲಗುವುದು ಅವರಿಗೆ ಬೇಡ.

ಹೆಚ್ಚುಕಮ್ಮಿಯಾದರೆ? ದುಡ್ಡು ಕೊಟ್ಟು ಸೇರಿದ ತರಗತಿಯಾದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಪುಕ್ಕಟೆ ಸೇವೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ. ಊರಿನ ಶಿಬಿರಗಳು ಹೆಚ್ಚಾಗಿ ಪುಕ್ಕಟೆಯೇ. ಉಳಿಯುವುದು ಸಿವಿಲ್ ಕೋರ್ಟು; ಅಲ್ಲಿಗೆ ಅಲೆಯುವ ಶಕ್ತಿ ಎಷ್ಟು ಮನೆಗಳಿಗಿದೆ?

ಕಲಿಸುವವರ ಪಾಡೂ ಕಷ್ಟವೇ. ನಮ್ಮದೇ ಊರಿನ ಹುಡುಗ ಹುಡುಗಿಯರು, ಸಣ್ಣ ಗೌರವಧನ. ಕೇಸು ಬಿದ್ದರೆ ವಕೀಲರ ಫೀಸು, ಪರಿಹಾರ ಎರಡೂ ಅವರ ಜೇಬಿನಿಂದಲೇ. ವೈದ್ಯರು ಮಾಡಿಸುವಂಥ ಹೊಣೆಗಾರಿಕೆ ವಿಮೆ ಇವರಿಗೂ ಇದ್ದರೆ ಎರಡೂ ಮನೆ ಉಳಿಯುತ್ತವೆ.

ಆದ್ದರಿಂದ ನಾವು ಕೇಳುವುದಿಷ್ಟೇ. ಶಿಬಿರ ನಡೆಸುವ ಪಂಚಾಯಿತಿ, ಇಲಾಖೆ, ಸಂಘಗಳೇ ವಿಮೆಯ ಕಂತು ಕಟ್ಟಲಿ. ಬಸುರಿಯರಿಗೆ ಕಲಿಸುವುದೂ ಪಾಲಿಸಿಯಲ್ಲಿ ಸೇರಿದೆಯೇ ಎಂದು ಮೊದಲೇ ನೋಡಲಿ. ಶಿಕ್ಷಕರು ತಾಯಿ ಕಾರ್ಡ್ ನೋಡದೆ ಆಸನ ಹೇಳದಿರಲಿ.

ಅಕ್ಕಂದಿರೇ, ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಂದು ಡಾಕ್ಟರನ್ನೇ ಕೇಳಿ. ಬಿಪಿ, ರಕ್ತಸ್ರಾವ ಇದ್ದರಂತೂ ಅವರ ಮಾತು ಮೊದಲು, ಆಸನ ಆಮೇಲೆ.